ಒಂದೇ ದಿನದಲ್ಲಿ ಪಾಂಪೆ ಮತ್ತು ವೆಸುವಿಯಸ್: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಮಗನೋ ಮಗಳೋ ಯುರೋಪಿನಲ್ಲಿ ಕೆಲಸದಲ್ಲಿರುವ ಮನೆಗಳು ಈಗ ನಮ್ಮ ಗಡಿನಾಡಿನ ಊರುಗಳಲ್ಲೂ ಕಡಿಮೆಯೇನಲ್ಲ. ಕಾಸರಗೋಡಾಗಲಿ, ಹೊಸೂರಾಗಲಿ, ಸೊಲ್ಲಾಪುರ, ಆದೋನಿಯಾಗಲಿ, ಅಪ್ಪ ಅಮ್ಮನನ್ನು ಕರೆಸಿಕೊಂಡ ಮಕ್ಕಳು ಒಂದು ವಾರ ಇಟಲಿ ಸುತ್ತಿಸುವ ಯೋಜನೆ ಹಾಕುತ್ತಾರೆ. ರೋಮ್ ಆಯಿತು, ವೆನಿಸ್ ಆಯಿತು, ನಡುವೆ ಒಂದು ದಿನ ಉಳಿಯಿತು ಎನ್ನುವಾಗ ಕಣ್ಣಿಗೆ ಬೀಳುವ ಜಾಹೀರಾತು ಒಂದಿದೆ: ಪಾಂಪೆ ಮತ್ತು ವೆಸುವಿಯಸ್, ಗೈಡ್ ಸಮೇತ ಇಡೀ ದಿನದ ಪ್ರವಾಸ. ಹಾಗೆ ಹೋಗಲಿರುವ ಸದಸ್ಯರಿಗಾಗಿ ಈ ಲೇಖನ. ಹೋಗಬೇಕೇ ಎಂದು ಕೇಳಿದರೆ, ಖಂಡಿತ ಹೋಗಬೇಕು ಎಂದೇ ನನ್ನ ಉತ್ತರ. ಆದರೆ ಅಲ್ಲಿ ಸಿಗುವ ನಾಲ್ಕೈದು ಗಂಟೆಯನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ಮನೆಯಲ್ಲೇ ಕುಳಿತು ತೀರ್ಮಾನಿಸಿಕೊಂಡು ಹೋಗಬೇಕು. ಅಲ್ಲಿ ಹೋದ ಮೇಲೆ ಯೋಚಿಸಲು ಯಾರೂ ಸಮಯ ಕೊಡುವುದಿಲ್ಲ.

ಮೊದಲು ದಾರಿಯ ಲೆಕ್ಕ. ಪಾಂಪೆ ಇರುವುದು ದಕ್ಷಿಣ ಇಟಲಿಯ ನೇಪಲ್ಸ್ ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿ. ರೋಮಿನಿಂದಾದರೆ 240 ಕಿ.ಮೀ. ಆಸುಪಾಸು. ರೋಮಿನಿಂದ ಬಸ್ಸಿನಲ್ಲಿ ಹೊರಡುವ ಪ್ರವಾಸ ಬೆಳಿಗ್ಗೆ ಏಳಕ್ಕೆ ಶುರುವಾಗಿ ರಾತ್ರಿ ಏಳು ಎಂಟಕ್ಕೆ ಮುಗಿಯುತ್ತದೆ. ಅದರಲ್ಲಿ ಅರ್ಧದಷ್ಟು ಹೊತ್ತು ಬಸ್ಸಿನ ಕಿಟಕಿಯೇ ಗತಿ. ಊಟಕ್ಕೆ ಒಂದು ಗಂಟೆ ಕಳೆಯಿರಿ. ಕೆಲವು ಪ್ರವಾಸಗಳಲ್ಲಿ ಹವಳ ಮತ್ತು ಶಂಖದ ಕೆತ್ತನೆ ಮಾರುವ ಮಳಿಗೆಯ ಮುಂದೆಯೂ ಬಸ್ಸು ನಿಲ್ಲುತ್ತದೆ. ಅದಕ್ಕೊಂದು ಮುಕ್ಕಾಲು ಗಂಟೆ. ಕೊನೆಗೆ ಪಾಂಪೆಗೆ ಎರಡು ಗಂಟೆ, ಬೆಟ್ಟಕ್ಕೆ ಒಂದೂವರೆ ಗಂಟೆ ಉಳಿದರೆ ಪುಣ್ಯ. ಅದರ ಬದಲು ರೋಮಿನಿಂದ ನೇಪಲ್ಸಿಗೆ ವೇಗದ ರೈಲು ಹಿಡಿದರೆ ಒಂದೂಕಾಲು ಗಂಟೆಯೊಳಗೆ ತಲುಪಬಹುದು. ಹಿಂದಿನ ಸಂಜೆಯೇ ನೇಪಲ್ಸಿನಲ್ಲಿ ಉಳಿದು, ಅಲ್ಲಿಂದ ಹೊರಡುವ ಪ್ರವಾಸ ಸೇರಿಕೊಂಡರಂತೂ ಇನ್ನೂ ಒಳ್ಳೆಯದು. ಹಣದ ವ್ಯತ್ಯಾಸ ಹೆಚ್ಚಿಲ್ಲ, ಸಿಗುವ ಸಮಯ ಹೆಚ್ಚುಕಡಿಮೆ ಎರಡು ಪಟ್ಟು.

ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆಗಳಿವೆ. ಪ್ರವೇಶ ಟಿಕೆಟ್ ದರದಲ್ಲಿ ಸೇರಿದೆಯೇ? ಬೆಟ್ಟದ ಟಿಕೆಟ್ ಬೇರೆ, ಅದೂ ಸೇರಿದೆಯೇ? ಪಾಂಪೆಯ ಒಳಗೆ ಪರವಾನಗಿ ಪಡೆದ ಗೈಡ್ ಜೊತೆಗಿರುತ್ತಾರೆಯೇ, ಅಥವಾ ಚಾಲಕ ಗೇಟಿನ ಮುಂದೆ ಇಳಿಸಿ ಕಿವಿಗೊಂದು ಯಂತ್ರ ಕೊಟ್ಟು ಕಳಿಸುತ್ತಾನೆಯೇ? ಗುಂಪಿನಲ್ಲಿ ಎಷ್ಟು ಜನ? ಎಲ್ಲಕ್ಕಿಂತ ಮುಖ್ಯವಾಗಿ, ಗೇಟಿನ ಒಳಗೆ ಎಷ್ಟು ಹೊತ್ತು? 'ಪಾಂಪೆ ಭೇಟಿ, ಮೂರು ಗಂಟೆ' ಎಂದು ಬರೆದಿದ್ದರೆ ಅದರಲ್ಲಿ ಊಟವೂ ಶೌಚಾಲಯದ ಸರದಿಯೂ ಸೇರಿರಬಹುದು. 2024ರ ನವೆಂಬರಿನಿಂದ ಪಾಂಪೆಗೆ ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ, ಟಿಕೆಟಿನಲ್ಲಿ ಹೆಸರು ಇರುತ್ತದೆ. ಆದ್ದರಿಂದ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಕೊಡಿ. ನಮ್ಮ ದಕ್ಷಿಣದ ಇನಿಷಿಯಲ್ ಪದ್ಧತಿ ಅವರಿಗೆ ಅರ್ಥವಾಗುವುದಿಲ್ಲ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಅದೇ ಕಾರಣಕ್ಕೆ ಆ ದಿನ ಹೋಗದಿರುವುದು ಕ್ಷೇಮ.

ಆ ದಿನ ನಡೆದದ್ದು

ಪಾಂಪೆಯಲ್ಲಿ ಏನು ನೋಡುತ್ತಿದ್ದೇವೆ ಎಂದು ತಿಳಿಯಬೇಕಾದರೆ ಆ ಎರಡು ದಿನಗಳ ಗಂಟೆಗಳ ಲೆಕ್ಕ ಗೊತ್ತಿರಬೇಕು. ಗೈಡುಗಳು ಇದನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ.

ಕ್ರಿ.ಶ. 79ರಲ್ಲಿ ಆ ಬೆಟ್ಟವನ್ನು ಜ್ವಾಲಾಮುಖಿ ಎಂದು ಊರಿನವರು ಎಣಿಸಿರಲಿಲ್ಲ. ಇಳಿಜಾರಿನ ತುಂಬ ದ್ರಾಕ್ಷಿ ತೋಟ. ಪಾಂಪೆಯ ಮನೆಯೊಂದರಲ್ಲಿ ಸಿಕ್ಕ ಚಿತ್ರದಲ್ಲಿ ಬಳ್ಳಿ ಹಬ್ಬಿದ ಹಸಿರು ಬೆಟ್ಟ, ಪಕ್ಕದಲ್ಲಿ ಮೈಗೆಲ್ಲ ದ್ರಾಕ್ಷಿ ಗೊಂಚಲು ಹೊದ್ದ ಮದ್ಯದೇವತೆ ಬಾಕಸ್ ಇದ್ದಾರೆ. ಭೂಗೋಳಕಾರ ಸ್ಟ್ರೇಬೊ ಮಾತ್ರ ತುದಿಯ ಸುಟ್ಟ ಕಲ್ಲುಗಳನ್ನು ನೋಡಿ, ಇಲ್ಲಿ ಹಿಂದೆ ಬೆಂಕಿ ಇದ್ದಿರಬೇಕು ಎಂದು ಬರೆದಿದ್ದ. ಕ್ರಿ.ಶ. 62ರ ಸುಮಾರಿಗೆ ದೊಡ್ಡ ಭೂಕಂಪವಾಗಿ ಊರಿನ ಬಹುಭಾಗ ಹಾಳಾಯಿತು. ಹದಿನೇಳು ವರ್ಷ ಕಳೆದರೂ ರಿಪೇರಿ ಮುಗಿದಿರಲಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಅರೆಬರೆ ಗಾರೆ ಕೆಲಸ ಕಾಣುತ್ತದೆ.

ಸ್ಫೋಟ ಆರಂಭವಾದದ್ದು ಮಧ್ಯಾಹ್ನ ಒಂದರ ಹೊತ್ತಿಗೆ. ಬೂದಿ ಮತ್ತು ಅನಿಲದ ಕಂಬ ಮೂವತ್ತು ಕಿ.ಮೀ.ಗೂ ಎತ್ತರಕ್ಕೆ ಏರಿತು. ಗಾಳಿ ಆಗ್ನೇಯ ದಿಕ್ಕಿಗೆ ಬೀಸುತ್ತಿತ್ತು, ಪಾಂಪೆ ಇದ್ದದ್ದು ಅದೇ ದಿಕ್ಕಿನಲ್ಲಿ. ಆಕಾಶದಿಂದ ಬಿದ್ದದ್ದು ಲಾವಾ ಅಲ್ಲ, ಪ್ಯೂಮಿಸ್ ಕಲ್ಲು. ಕಾಲು ಉಜ್ಜಲು ಬಚ್ಚಲಲ್ಲಿ ಇಟ್ಟುಕೊಳ್ಳುತ್ತೇವಲ್ಲ, ನೀರಲ್ಲಿ ತೇಲುವ ತೂತು ತೂತಾದ ಹಗುರ ಕಲ್ಲು, ಅದೇ. ಒಂದು ಕಲ್ಲು ಹಗುರ. ಗಂಟೆಗಟ್ಟಲೆ ಬಿದ್ದಾಗ ಹಗುರವಲ್ಲ. ಸಂಜೆಯ ಹೊತ್ತಿಗೆ ಸೂರುಗಳು ಕುಸಿಯತೊಡಗಿದವು. ಒಟ್ಟು ಸುಮಾರು ಮೂರು ಮೀಟರಿನಷ್ಟು ಕಲ್ಲು ಬೀದಿಗಳನ್ನು ತುಂಬಿತು. ಅಷ್ಟರವರೆಗೂ ನಡೆದು ಹೋಗಲು ದಾರಿ ಇತ್ತು. ಕೊಲ್ಲುವ ಕೊನೆಯ ಹೊಡೆತ ಬಂದದ್ದು ಮರುದಿನ ಬೆಳಿಗ್ಗೆ. ಮೇಲೆ ನಿಂತಿದ್ದ ಕಂಬ ಕುಸಿದು, ಬಿಸಿ ಅನಿಲ ಮತ್ತು ಬೂದಿಯ ಅಲೆ ಇಳಿಜಾರಿನಲ್ಲಿ ಉರುಳಿ ಬಂದು ಊರನ್ನು ಹೊಕ್ಕಿತು. ಅದರ ಮುಂದೆ ಓಡಿ ಬದುಕುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅಂದರೆ ಮೊದಲ ಕಲ್ಲು ಬಿದ್ದಾಗಿನಿಂದ ಕೊನೆಯ ಅಲೆ ಬರುವವರೆಗೆ ಸುಮಾರು ಹದಿನೆಂಟು ಗಂಟೆ. ಊರಿನ ಜನಸಂಖ್ಯೆ ಹತ್ತು ಸಾವಿರದ ಮೇಲಿತ್ತು ಎಂದು ಅಂದಾಜು. ಇದುವರೆಗೆ ಸಿಕ್ಕ ದೇಹಗಳ ಕುರುಹು ಸಾವಿರಕ್ಕಿಂತ ತುಸು ಹೆಚ್ಚು. ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ, ಹೊರಗಿನ ದಾರಿಗಳಲ್ಲೂ ಸತ್ತವರಿರಬೇಕು, ನಿಜ. ಆದರೂ ಬಹಳಷ್ಟು ಜನ ಮೊದಲ ಗಂಟೆಗಳಲ್ಲೇ ಹೊರಟು ಬದುಕಿಕೊಂಡರು ಎಂದೇ ವಿದ್ವಾಂಸರು ಈಗ ಹೇಳುತ್ತಾರೆ. ನೇಪಲ್ಸ್, ಕ್ಯೂಮೆ, ಪುಟಿಯೋಲಿಯಂಥ ಅಕ್ಕಪಕ್ಕದ ಊರುಗಳ ಶಾಸನಗಳಲ್ಲಿ ಪಾಂಪೆಯ ಮನೆತನದ ಹೆಸರುಗಳು ಆಮೇಲೆ ಕಾಣಿಸಿಕೊಳ್ಳುತ್ತವೆ. ಸತ್ತವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಸಿಕ್ಕಿರುವುದು ಪ್ಯೂಮಿಸ್ ಪದರದಲ್ಲಿ, ಹೆಚ್ಚಿನವರು ಕುಸಿದ ಸೂರಿನ ಅಡಿಯಲ್ಲಿ. ಉಳಿದವರು ಅದರ ಮೇಲಿನ ಬೂದಿಯ ಪದರದಲ್ಲಿ. ಅವರು ರಾತ್ರಿಯಿಡೀ ಬದುಕಿದ್ದವರು. ಮನೆಯೊಳಗೇ ಇದ್ದರೆ ಕ್ಷೇಮ ಎಂದುಕೊಂಡವರು, ವಯಸ್ಸಾದವರನ್ನು ಬಿಟ್ಟು ಹೊರಡಲಾರದವರು, ಹೊರಡುವ ಸ್ವಾತಂತ್ರ್ಯವೇ ಇಲ್ಲದ ಗುಲಾಮರು ಅವರಲ್ಲಿದ್ದಿರಬೇಕು. ಪಾಂಪೆಯ ಬೀದಿಯಲ್ಲಿ ನಡೆಯುವಾಗ ಈ ಹದಿನೆಂಟು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಣ್ಣು ಮಿಟುಕಿಸುವಷ್ಟರಲ್ಲಿ ಊರು ಮುಳುಗಿತು ಎಂಬ ಮಾತು ಕೇಳಲು ಚೆನ್ನ, ನಿಜವಲ್ಲ.

ಇನ್ನೊಂದು ಸಣ್ಣ ವಿಷಯ. ಆಗಸ್ಟ್ 24 ಎಂದು ಗೈಡುಗಳು ಇಂದಿಗೂ ಹೇಳುತ್ತಾರೆ. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ, ಅಕ್ಟೋಬರ್ 17ಕ್ಕೆ ಸಮನಾದ ದಿನಾಂಕ ಸಿಕ್ಕಿತು. ಇದ್ದಿಲಿನ ಬರಹ ವರ್ಷಗಟ್ಟಲೆ ಉಳಿಯುವಂಥದ್ದಲ್ಲ. ಶರತ್ಕಾಲದ ಹಣ್ಣುಗಳ ಕುರುಹು ಮೊದಲೇ ಸಿಕ್ಕಿತ್ತು. ಹೀಗಾಗಿ ಸ್ಫೋಟ ಅಕ್ಟೋಬರ್ ಕೊನೆಯಲ್ಲಿ ಆಗಿರಬೇಕು ಎಂಬ ವಾದಕ್ಕೆ ಈಗ ಬಲ ಹೆಚ್ಚು.

ಹಂಪಿ ನೋಡಿದವರ ಕಣ್ಣಿಗೆ

ನಮ್ಮಲ್ಲಿ ಹೆಚ್ಚಿನವರು ಹಂಪಿ ನೋಡಿದವರು. ಆದ್ದರಿಂದ ಪಾಂಪೆಗೆ ಹೋದಾಗ ಕಣ್ಣು ತಾನಾಗಿ ದೇವಸ್ಥಾನ, ಗೋಪುರ, ಅರಮನೆ ಹುಡುಕುತ್ತದೆ. ಹಾಗೆ ಹುಡುಕಿದರೆ ಪಾಂಪೆ ಸಪ್ಪೆ. ದೇಗುಲಗಳೆಂದರೆ ಕೆಲವು ಕಂಬ, ಒಂದು ಕಟ್ಟೆ, ಅಷ್ಟೇ. ಆದರೆ ಹಂಪಿಯಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ಹಂಪಿಯಲ್ಲಿ ಕಲ್ಲಿನ ಗುಡಿ ಉಳಿಯಿತು, ಮಣ್ಣು ಮರದ ಮನೆಗಳು ಹೋದವು. ವಿಠಲನ ರಥ ನೋಡುತ್ತೇವೆ, ರಥ ಎಳೆದವನು ಬೆಳಿಗ್ಗೆ ಏನು ತಿಂದ ಎಂದು ಹೇಳಲಾರೆವು. ಪಾಂಪೆಯಲ್ಲಿ ಉಳಿದಿರುವುದು ಆ ಎಳೆದವನ ಮನೆ, ಅವನು ನಿಂತು ತಿಂದ ಅಂಗಡಿ, ಅವನು ಗೀಚಿದ ಗೋಡೆ.

ಬೀದಿಯಲ್ಲೇ ಶುರು ಮಾಡಿ. ನೆಲಕ್ಕೆ ಹಾಸಿದ ಕರಿಕಲ್ಲು ಹಳೆಯ ಲಾವಾ. ಅದರ ಮೇಲೆ ಗಾಡಿಯ ಚಕ್ರ ಸವೆದ ಆಳವಾದ ಗೆರೆಗಳಿವೆ. ಬೀದಿ ದಾಟಲು ನಡುವೆ ಎತ್ತರದ ಕಲ್ಲುಗಳು. ನೀರು ಕೊಳಚೆ ಹರಿಯುವಾಗ ಕಾಲು ಒದ್ದೆಯಾಗದಂತೆ ಹೆಜ್ಜೆ ಇಡಲು ಅವು, ನಡುವೆ ಗಾಡಿಯ ಚಕ್ರ ಹೋಗಲು ಜಾಗ. ಮೂಲೆ ಮೂಲೆಗೂ ಕಲ್ಲಿನ ಕಾರಂಜಿ. ಅಂಚು ಹಿಡಿದು ಬಗ್ಗಿ ನೀರು ಕುಡಿದವರ ಕೈ ತಾಗಿ ಕಲ್ಲು ಸವೆದು ಗುಳಿ ಬಿದ್ದಿದೆ.

ಆಮೇಲೆ ಒಂದು ಬೇಕರಿ ನೋಡಿ. ಮೂವತ್ತಕ್ಕೂ ಹೆಚ್ಚು ಬೇಕರಿಗಳು ಈ ಊರಿನಲ್ಲಿದ್ದವು. ಸೊಂಟದೆತ್ತರದ, ಡಮರುಗದಂತೆ ನಡುವೆ ಸಣ್ಣಗಾದ ಲಾವಾ ಕಲ್ಲಿನ ಬೀಸುಕಲ್ಲುಗಳು ಸಾಲಾಗಿ ನಿಂತಿವೆ. ಕತ್ತೆಯೋ ಗುಲಾಮನೋ ಸುತ್ತ ತಿರುಗಿ ಬೀಸಬೇಕಿತ್ತು. ನಮ್ಮ ಸೊಲ್ಲಾಪುರ, ಜತ್ತ ಕಡೆಯ ಸದಸ್ಯರಿಗೆ ಕರಿಕಲ್ಲಿನ ಬೀಸುಕಲ್ಲು ಹೊಸದಲ್ಲ, ಗಾತ್ರ ನೋಡಿ ಬೆರಗಾದೀರಿ. ಒಂದು ಬೇಕರಿಯ ಒಲೆಯಲ್ಲಿ ಅಂದು ಸುಟ್ಟ 81 ರೊಟ್ಟಿಗಳು ಕರಿ ಇದ್ದಿಲಾಗಿ ಹಾಗೇ ಸಿಕ್ಕಿವೆ. ಅದೇ ರೀತಿ ಬೀದಿಬದಿಯ ಊಟದ ಅಂಗಡಿಗಳು: ಗಾರೆಯ ಕಟ್ಟೆ, ಅದರಲ್ಲಿ ಹೂತ ಮಡಕೆಗಳು. 2020ರ ಕೊನೆಯಲ್ಲಿ ಪೂರ್ತಿ ಬಯಲಾದ ಅಂಥ ಒಂದು ಅಂಗಡಿಯ ಕಟ್ಟೆಗೆ ಕೋಳಿ, ಬಾತುಕೋಳಿಗಳ ಬಣ್ಣದ ಚಿತ್ರವಿದೆ. ಮಡಕೆಗಳಲ್ಲಿ ಬಾತು, ಮೇಕೆ, ಹಂದಿ, ಮೀನು, ಬಸವನಹುಳುವಿನ ಅವಶೇಷ ಸಿಕ್ಕಿದೆ. ಸಸ್ಯಾಹಾರಿಗಳಿಗೆ ಅಲ್ಲಿ ಹೆಚ್ಚೇನೂ ಇರಲಿಲ್ಲ ಬಿಡಿ.

ದೊಡ್ಡ ಮನೆಗಳಲ್ಲಿ ಒಂದೆರಡು ಸಾಕು. 2023ರ ಆರಂಭದಲ್ಲಿ ಮತ್ತೆ ತೆರೆದ ವೆಟ್ಟಿಯರ ಮನೆ ನೋಡಿದರೆ ಚಿತ್ರ, ಅಂಗಳ, ಕಾರಂಜಿ ಎಲ್ಲವೂ ಒಂದೆಡೆ ಸಿಗುತ್ತದೆ. ಗುಲಾಮಗಿರಿಯಿಂದ ಬಿಡುಗಡೆಯಾಗಿ ವ್ಯಾಪಾರದಲ್ಲಿ ಹಣ ಮಾಡಿದವರ ಮನೆ ಅದು. ಫಾನ್ ಮನೆಯ ನೆಲದಲ್ಲಿ ಅಲೆಕ್ಸಾಂಡರನ ಯುದ್ಧದ ಪ್ರಸಿದ್ಧ ಮೊಸಾಯಿಕ್ ಕಾಣಿಸಿದರೆ ಅದು ನಕಲು, ಮೂಲ ನೇಪಲ್ಸಿನ ಮ್ಯೂಸಿಯಂಗೆ ಸೇರಿದ್ದು. ವೇಶ್ಯಾಗೃಹವೊಂದಿದೆ, ಎಲ್ಲ ಗೈಡುಗಳೂ ತಪ್ಪದೆ ಕರೆದೊಯ್ಯುತ್ತಾರೆ. ಉದ್ದ ಸಾಲು, ಇಕ್ಕಟ್ಟು ಜಾಗ, ಎರಡು ನಿಮಿಷದ ನೋಟ. ಅದನ್ನು ಬಿಟ್ಟು ಆ ಹೊತ್ತನ್ನು ಊರಿನ ಆಗ್ನೇಯ ಮೂಲೆಗೆ ಉಳಿಸಿಕೊಳ್ಳಿ.

ಆ ಮೂಲೆಯಲ್ಲಿ ಎರಡು ಸ್ಥಳಗಳಿವೆ. ಒಂದು, ಕ್ರಿ.ಪೂ. 70ರ ಸುಮಾರಿಗೆ ಕಟ್ಟಿದ ಮಲ್ಲರಂಗ. ರೋಮಿನ ಕೊಲೊಸಿಯಮ್ಮಿಗಿಂತ ನೂರೈವತ್ತು ವರ್ಷ ಹಳೆಯದು. ಕ್ರಿ.ಶ. 59ರಲ್ಲಿ ಪಾಂಪೆಯವರಿಗೂ ಪಕ್ಕದ ನುಸೇರಿಯಾದವರಿಗೂ ಇಲ್ಲಿ ಆಟದ ನಡುವೆ ಹೊಡೆದಾಟವಾಗಿ ಹೆಣಗಳು ಬಿದ್ದವು, ರೋಮಿನ ಸೆನೆಟ್ ಹತ್ತು ವರ್ಷ ಆಟ ನಿಷೇಧಿಸಿತು. ಇನ್ನೊಂದು, ಪಲಾಯನಗೈದವರ ತೋಟ ಎಂದು ಕರೆಯುವ ದ್ರಾಕ್ಷಿ ತೋಟ. ಊರ ಬಾಗಿಲಿನತ್ತ ಹೊರಟು ಅಲ್ಲೇ ಬಿದ್ದ 13 ಜನರ ಅಚ್ಚುಗಳಿವೆ, ಅವರಲ್ಲಿ ಮಕ್ಕಳೂ ಇದ್ದಾರೆ. ಇವು ಶಿಲೆಯಾದ ದೇಹಗಳಲ್ಲ. ಬೂದಿ ಗಟ್ಟಿಯಾದ ಮೇಲೆ ಒಳಗಿನ ದೇಹ ಕರಗಿ ಪೊಳ್ಳು ಉಳಿಯಿತು. 1863ರಲ್ಲಿ ಫಿಯೊರೆಲ್ಲಿ ಎಂಬ ಪುರಾತತ್ತ್ವಜ್ಞ ಅಂಥ ಪೊಳ್ಳಿಗೆ ಗಾರೆ ಸುರಿದು, ಸುತ್ತಲಿನ ಬೂದಿ ತೆಗೆದ. ಬಟ್ಟೆಯ ನೆರಿಗೆ, ಮುಖದ ಮೇಲೆ ಹಿಡಿದ ಕೈ ಎಲ್ಲವೂ ಮೂಡಿಬಂದವು. ರೋಮಿನಿಂದ ಬರುವ ಅವಸರದ ಗುಂಪುಗಳು ಪಶ್ಚಿಮದ ಮರಿನಾ ಬಾಗಿಲಿನಿಂದ ಹೊಕ್ಕು ಫೋರಂ ಸುತ್ತಿ ಅಲ್ಲೇ ಹೊರಬೀಳುವುದರಿಂದ ಈ ತೋಟ ತಲುಪುವುದೇ ಇಲ್ಲ. ಗೈಡನ್ನು ಮೊದಲೇ ಕೇಳಿಕೊಳ್ಳಿ. ಗುಂಪು ಬರದಿದ್ದರೆ ಹೊರಡುವ ಸಮಯ, ಸ್ಥಳ ಗುರುತು ಮಾಡಿಕೊಂಡು ನೀವೇ ಹೋಗಿ ಬನ್ನಿ. ನನ್ನ ಮಟ್ಟಿಗೆ ಪಾಂಪೆಯಲ್ಲಿ ಬಿಡಬಾರದ ಜಾಗ ಇದೊಂದೇ.

ಅಚ್ಚುಗಳ ಬಗ್ಗೆ ಹೇಳುವ ಕಥೆಗಳನ್ನು ಮಾತ್ರ ಸ್ವಲ್ಪ ಜರಡಿ ಹಿಡಿದು ಕೇಳಿ. ಚಿನ್ನದ ಬಳೆ ತೊಟ್ಟು ಮಗುವನ್ನು ಅಪ್ಪಿಕೊಂಡ ತಾಯಿ ಎಂದು ತಲೆಮಾರುಗಳಿಂದ ತೋರಿಸುತ್ತಿದ್ದ ದೇಹ ಗಂಡಸಿನದು, ಮಗುವಿಗೂ ಆತನಿಗೂ ರಕ್ತಸಂಬಂಧ ಇರಲಿಲ್ಲ ಎಂದು 2024ರ ಡಿಎನ್‌ಎ ಅಧ್ಯಯನ ತೋರಿಸಿತು. ಸಾಯುವ ಹೊತ್ತಿನಲ್ಲಿ ಯಾರದೋ ಮಗುವಿನ ಹತ್ತಿರ ಇದ್ದ ಒಬ್ಬ ಗಂಡಸು. ಹಳೆಯ ಕಥೆಗಿಂತ ಇದು ಕಡಿಮೆಯ ಕಥೆ ಎಂದು ನನಗನ್ನಿಸುವುದಿಲ್ಲ.

ಗೋಡೆಯ ಮೇಲೆ ಉಳಿದ ಭಾಷೆ

ನಮ್ಮ ಓದುಗರಿಗಾಗಿ ಒಂದು ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಗೈಡುಗಳು ಇದನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಪಾಂಪೆಯ ಗೋಡೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬರಹಗಳು ಸಿಕ್ಕಿವೆ. ಚುನಾವಣೆಯ ಪ್ರಚಾರ, ಸಾಲದ ಲೆಕ್ಕ, ಪ್ರೇಮ, ಬೈಗುಳ, ಎಲ್ಲವೂ ಇವೆ. ಬಹುಪಾಲು ಲ್ಯಾಟಿನ್. ಆದರೆ ಊರಿನ ಹಳೆಯ ಭಾಷೆ ಲ್ಯಾಟಿನ್ ಅಲ್ಲ, ಓಸ್ಕನ್. ಲ್ಯಾಟಿನ್ನಿಗೆ ಸೋದರ ಸಂಬಂಧದ್ದು, ಆದರೆ ತನ್ನದೇ ಲಿಪಿ ಇದ್ದದ್ದು, ಬಲದಿಂದ ಎಡಕ್ಕೆ ಬರೆಯುವಂಥದ್ದು. ಪಾಂಪೆ ಎಂಬ ಹೆಸರೇ ಆ ಭಾಷೆಯ 'ಐದು' ಎಂಬ ಪದದಿಂದ ಬಂದಿರಬೇಕು ಎಂಬ ಅಭಿಪ್ರಾಯವಿದೆ.

ಸ್ಟೇಬಿಯನ್ ಸ್ನಾನಗೃಹದಲ್ಲಿ ಒಂದು ನೆರಳು ಗಡಿಯಾರ ಸಿಕ್ಕಿತು. ಅದರ ಮೇಲೆ ಓಸ್ಕನ್‌ನಲ್ಲಿ ಬರೆದಿರುವುದು ಇಷ್ಟು: ಮಾರಸ್ ಅಟಿನಿಯಸ್ ಎಂಬ ಅಧಿಕಾರಿ ಸಭೆಯ ತೀರ್ಮಾನದಂತೆ ದಂಡದ ಹಣದಿಂದ ಇದನ್ನು ಮಾಡಿಸಿದ. ದಂಡ ವಸೂಲಿ, ಸಭೆಯ ನಿರ್ಣಯ, ಸಾರ್ವಜನಿಕ ಗಡಿಯಾರ. ಅಂದರೆ ಆಡಳಿತ ನಡೆಯುತ್ತಿದ್ದದ್ದೇ ಆ ಭಾಷೆಯಲ್ಲಿ. ಕ್ರಿ.ಪೂ. 89ರಲ್ಲಿ ರೋಮಿನ ಸೇನಾಪತಿ ಸುಲ್ಲ ಊರಿಗೆ ಮುತ್ತಿಗೆ ಹಾಕಿದ. ಕಾವಲಿನವರು ಯಾವ ದಾರಿ ಹಿಡಿದು ಯಾವ ಬುರುಜಿಗೆ ಸೇರಬೇಕು ಎಂದು ತಿಳಿಸುವ ಓಸ್ಕನ್ ಬರಹಗಳು ಕೆಲವು ಗೋಡೆಗಳ ಮೇಲೆ ಸಿಕ್ಕಿವೆ. ಅವು ಆ ಮುತ್ತಿಗೆಯ ಕಾಲದವು ಎಂದೇ ಎಣಿಕೆ. ಕ್ರಿ.ಪೂ. 80ರಲ್ಲಿ ಊರು ರೋಮನ್ ವಸಾಹತು ಆಯಿತು, ನಿವೃತ್ತ ಸೈನಿಕರು ಬಂದು ನೆಲೆಸಿದರು. ಕಚೇರಿ, ಕಟ್ಟಡಗಳ ಫಲಕ, ಚುನಾವಣೆ ಎಲ್ಲವೂ ಲ್ಯಾಟಿನ್ನಿಗೆ ತಿರುಗಿದವು. ನೂರ ಅರವತ್ತು ವರ್ಷಗಳ ಬಳಿಕ ಬೂದಿ ಬೀಳುವ ಹೊತ್ತಿಗೆ ಓಸ್ಕನ್ ಅಲ್ಲಲ್ಲಿ ಗೋಡೆಯ ಮೇಲಿತ್ತು. ಎಷ್ಟು ಬಾಯಲ್ಲಿತ್ತು ಎಂಬುದು ವಿದ್ವಾಂಸರ ಚರ್ಚೆಯ ವಿಷಯ. ಅಂಗಡಿ ಬೋರ್ಡಿನಿಂದ ಶಾಲೆಯ ಮಾಧ್ಯಮದವರೆಗೆ ಒಂದೊಂದಾಗಿ ಎಣಿಸಿಕೊಳ್ಳುವ ನಮ್ಮಂಥ ಊರುಗಳವರಿಗೆ ಈ ಗೋಡೆಗಳ ಮುಂದೆ ಕಾಲು ತುಸು ನಿಧಾನವಾಗುತ್ತದೆ.

ಬೆಟ್ಟ

ಊರು ಮೊದಲು, ಬೆಟ್ಟ ಆಮೇಲೆ. ಬೇಸಿಗೆಯಲ್ಲಿ ಪಾಂಪೆಯಲ್ಲಿ ನೆರಳೆಂಬುದೇ ಇಲ್ಲ, ಬೆಳಿಗ್ಗೆ ಗೇಟು ತೆರೆದ ಕೂಡಲೇ ಹೋಗುವುದು ಜಾಣತನ. ಊರಿನ ಫೋರಂನಲ್ಲಿ ನಿಂತರೆ ಉತ್ತರಕ್ಕೆ ಬೆಟ್ಟ ಎದುರಿಗೇ ಕಾಣುತ್ತದೆ. ಮಧ್ಯಾಹ್ನ ಮೇಲೆ ಹತ್ತಿ ಅಲ್ಲಿಂದ ಊರು ನೋಡಿದಾಗ ಲೆಕ್ಕ ಸರಿಹೋಗುತ್ತದೆ.

ವೆಸುವಿಯಸ್ಸಿನ ಎತ್ತರ 1,281 ಮೀಟರ್. ನಮ್ಮ ನಂದಿ ಬೆಟ್ಟ 1,478 ಮೀಟರ್, ಅಂದರೆ ಅದಕ್ಕಿಂತ ಗಿಡ್ಡ. ಬಸ್ಸು ಸುಮಾರು 1,000 ಮೀಟರಿನವರೆಗೆ ಹೋಗುತ್ತದೆ. ಅಲ್ಲಿಂದ ಜಲ್ಲಿ ಹಾಸಿದ ಅಗಲ ದಾರಿಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಏರು. ಕಷ್ಟವಲ್ಲ, ಆದರೆ ಸಡಿಲ ಕಲ್ಲಿನ ಮೇಲೆ ಇಳಿಯುವಾಗ ಮೊಣಕಾಲು ನೋವಿರುವವರಿಗೆ ತೊಂದರೆ. ಗೇಟಿನಲ್ಲಿ ಟಿಕೆಟ್ ಮಾರುವುದಿಲ್ಲ, ಸಮಯ ನಿಗದಿ ಮಾಡಿ ಆನ್‌ಲೈನಿನಲ್ಲೇ ಕೊಳ್ಳಬೇಕು. ಮೇಲೆ ಹೋಗಿ ಫೋನಿನಲ್ಲಿ ತೆಗೆದುಕೊಳ್ಳೋಣ ಎಂದರೆ ಸಿಗ್ನಲ್ ಕೈಕೊಡುತ್ತದೆ. ಗಾಳಿ ಮಂಜು ಹೆಚ್ಚಿದರೆ ದಾರಿ ಮುಚ್ಚುತ್ತಾರೆ. ಹಾಗಾದಾಗ ಹಣ ಹಿಂತಿರುಗಿಸುತ್ತಾರೆಯೇ ಎಂಬುದನ್ನೂ ಬುಕ್ ಮಾಡುವಾಗಲೇ ಕೇಳಿ. ಕೆಳಗೆ ಬಿಸಿಲಿದ್ದರೂ ಮೇಲೆ ಚಳಿಗಾಳಿ, ಒಂದು ಸ್ವೆಟರ್ ಇರಲಿ.

ಮೇಲೆ ಕಾಣುವುದು ಸುಮಾರು 450 ಮೀಟರ್ ಅಗಲ, 300 ಮೀಟರ್ ಆಳದ ಬಾಯಿ. ಕೆಂಪು ಲಾವಾ ಕುದಿಯುತ್ತಿರುತ್ತದೆ ಎಂದುಕೊಂಡು ಹೋದರೆ ನಿರಾಸೆ. ಅಂಚಿನ ಬಂಡೆಗಳ ನಡುವೆ ಅಲ್ಲಲ್ಲಿ ತೆಳ್ಳಗೆ ಹಬೆ ಏಳುತ್ತದೆ, ಅಷ್ಟೇ. ಕೊನೆಯ ಸ್ಫೋಟ 1944ರ ಮಾರ್ಚಿನಲ್ಲಿ, ಮಹಾಯುದ್ಧದ ನಡುವೆ. ಸ್ಯಾನ್ ಸೆಬಾಸ್ಟಿಯಾನೊ ಎಂಬ ಊರನ್ನು ಲಾವಾ ನುಂಗಿತು, ಹತ್ತಿರದ ವಿಮಾನ ನೆಲೆಯಲ್ಲಿದ್ದ ಅಮೆರಿಕದ ಸುಮಾರು 80 ಬಾಂಬರ್ ವಿಮಾನಗಳು ಬಿಸಿ ಬೂದಿಗೆ ಹಾಳಾದವು.

ಒಂದು ಬೆಟ್ಟ ಹೀಗೆ ಸಿಡಿಯುವುದು ಏಕೆ? ನಮ್ಮ ಅಕ್ಕಲಕೋಟೆ, ಸೊಲ್ಲಾಪುರದ ಕರಿನೆಲವೂ ಜ್ವಾಲಾಮುಖಿಯ ಮಗುವೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಲಾವಾ ಪದರ ಪದರವಾಗಿ ಹರಡಿತು, ಆ ಕಲ್ಲು ಕರಗಿ ಎರೆಮಣ್ಣಾಯಿತು. ಅದು ತೆಳು ಲಾವಾ. ಎಳೆಪಾಕ ತಟ್ಟೆಗೆ ಸುರಿದಂತೆ ಹರಿದು ಹೋಗುತ್ತದೆ, ಒಳಗಿನ ಅನಿಲ ಸುಲಭವಾಗಿ ಹೊರಬೀಳುತ್ತದೆ. ವೆಸುವಿಯಸ್ಸಿನ ಕೆಳಗೆ 79ರಲ್ಲಿ ಇದ್ದದ್ದು ಅಂಟುಪಾಕ. ಅನಿಲಕ್ಕೆ ದಾರಿ ಸಿಗದೆ ಒತ್ತಡ ಏರಿ, ಕುಲುಕಿದ ಸೋಡಾ ಬಾಟಲಿಯ ಮುಚ್ಚಳ ಹಾರಿದಂತೆ ಸಿಡಿಯಿತು. ಪ್ಯೂಮಿಸ್ ಕಲ್ಲಿನ ತೂತುಗಳು ಆ ಅನಿಲದ ಗುಳ್ಳೆಗಳೇ.

ಅಂಚಿನಲ್ಲಿ ನಿಂತು ಬಾಯಿಗೆ ಬೆನ್ನು ಹಾಕಿ ಕೆಳಗೆ ನೋಡಿ. ಸಮುದ್ರದವರೆಗೆ ಮನೆಯೋ ಮನೆ. ಸ್ಫೋಟವಾದರೆ ಮೊದಲು ತೆರವು ಮಾಡಬೇಕಾದ ಕೆಂಪು ವಲಯದಲ್ಲಿ 25 ಪುರಸಭೆಗಳ ಸುಮಾರು ಏಳು ಲಕ್ಷ ಜನ ಇದ್ದಾರೆ. ಮೂರು ದಿನ ಮುಂಚೆ ಎಚ್ಚರಿಕೆ ಕೊಟ್ಟು, 72 ಗಂಟೆಯಲ್ಲಿ ಎಲ್ಲರನ್ನೂ ಬೇರೆ ಪ್ರಾಂತ್ಯಗಳಿಗೆ ಸಾಗಿಸುವ ಯೋಜನೆ ಸರ್ಕಾರದ್ದು. ಬೆಟ್ಟದ ಮೇಲಿನ ವೀಕ್ಷಣಾಲಯ 1841ರಲ್ಲಿ ಸ್ಥಾಪನೆಯಾದದ್ದು, ಜ್ವಾಲಾಮುಖಿಗಾಗಿ ಕಟ್ಟಿದ ಜಗತ್ತಿನ ಮೊದಲನೆಯದು. ಈಗ ನೇಪಲ್ಸಿನಲ್ಲಿ ಕುಳಿತು ನೆಲದ ಪ್ರತಿ ನಡುಕವನ್ನೂ ಅಳೆಯುತ್ತಾರೆ. ಸ್ಟ್ರೇಬೊ ಕಂಡ ಸುಟ್ಟ ಕಲ್ಲಿನ ಅರ್ಥ ಈಗ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಏಳು ಲಕ್ಷ ಜನ ಅಲ್ಲೇ ಇದ್ದಾರೆ. ಹುಟ್ಟಿದ ಊರು, ಫಲವತ್ತಾದ ಮಣ್ಣು, ಕೈಗೆಟುಕುವ ಬಾಡಿಗೆ, ಬಿಡಲು ಸುಲಭವಲ್ಲ.

ಹಿರಿಯರಿಗೆ ಮತ್ತು ಊಟಕ್ಕೆ

ಬೆಟ್ಟ ಆಗದು ಎನ್ನುವವರು ಪಾಂಪೆಯ ಜೊತೆಗೆ ಹರ್ಕ್ಯುಲೇನಿಯಂ ಇರುವ ಪ್ರವಾಸ ಆರಿಸಿಕೊಳ್ಳಿ. ಅದೇ ಸ್ಫೋಟದಲ್ಲಿ ಹೂತುಹೋದ ಸಣ್ಣ ಊರು. ಅಲ್ಲಿ ಮರದ ತೊಲೆ, ಬಾಗಿಲು, ಮಹಡಿಗಳೂ ಉಳಿದಿವೆ. ಪಾಂಪೆಯಲ್ಲೂ ಗಾಲಿಕುರ್ಚಿ ಮತ್ತು ನಡಿಗೆ ಕಷ್ಟವಿರುವವರಿಗಾಗಿ ಮೂರು ಕಿ.ಮೀ.ಗೂ ಉದ್ದದ ಸಮತಟ್ಟು ದಾರಿ ಮಾಡಿದ್ದಾರೆ, ಮಲ್ಲರಂಗದ ಕಡೆಯ ಬಾಗಿಲಿನಿಂದ ಹೊಕ್ಕರೆ ಸಿಗುತ್ತದೆ. ಚಪ್ಪಲಿ ಬೇಡ, ಹಳೆಯ ಶೂ ಇರಲಿ. ಸೀರೆ ಉಟ್ಟು ಲಾವಾ ಕಲ್ಲಿನ ಬೀದಿ ದಾಟುವುದು ಕಷ್ಟ, ಚೂಡಿದಾರ ವಾಸಿ. 30 ಸೆಂ.ಮೀ.ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಬೀದಿಯ ನಲ್ಲಿಗಳಲ್ಲಿ ಕುಡಿಯುವ ನೀರು ಬರುತ್ತದೆ, ಖಾಲಿ ಬಾಟಲಿ ಒಯ್ದರೆ ಸಾಕು. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಹಿತ. ಜುಲೈ, ಆಗಸ್ಟಿನ ಬಿಸಿಲು ರಾಯಚೂರಿನ ನೆನಪು ತರುತ್ತದೆ. ಸಸ್ಯಾಹಾರಿಗಳಿಗೆ ಮಾರ್ಗರಿಟಾ ಪಿಜ್ಜಾ ಇದೆ, ಚೀಸ್ ಬೇಡದವರಿಗೆ ಟೊಮೆಟೊ ಬೆಳ್ಳುಳ್ಳಿಯ ಮರಿನಾರಾ ಇದೆ. 'ಅಲೀಚಿ' ಅಥವಾ 'ಅಚ್ಯೂಗೆ' ಎಂದು ಬರೆದಿದ್ದರೆ ಅದು ಸಣ್ಣ ಮೀನು, ಹುಷಾರು.

ನಮ್ಮ ಕಡೆಯ ಎರಡು ಸುಳಿವು

ಸ್ಫೋಟವನ್ನು ಕೊಲ್ಲಿಯ ಆಚೆ ದಡದಿಂದ ಕಂಡವರಲ್ಲಿ ಹಿರಿಯ ಪ್ಲಿನಿ ಒಬ್ಬ. ರೋಮನ್ ನೌಕಾಪಡೆಯ ಮುಖ್ಯಸ್ಥ, ಜೊತೆಗೆ ದೊಡ್ಡ ವಿಶ್ವಕೋಶ ಬರೆದವ. ಹಡಗುಗಳನ್ನು ತೆಗೆದುಕೊಂಡು ಜನರನ್ನು ಪಾರುಮಾಡಲು ಹೋಗಿ ಸ್ಟೇಬಿಯೆಯ ದಡದಲ್ಲಿ ಸತ್ತ. ಆಗ ಹದಿನೇಳರ ಹುಡುಗನಾಗಿದ್ದ ಅವನ ಸೋದರಿಯ ಮಗ ಕಿರಿಯ ಪ್ಲಿನಿ ವರ್ಷಗಳ ಬಳಿಕ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಎರಡು ಪತ್ರಗಳೇ ನಮಗಿರುವ ಕಣ್ಣಾರೆ ಕಂಡ ವರದಿ. ಆ ಹಿರಿಯ ಪ್ಲಿನಿಯೇ ತನ್ನ ವಿಶ್ವಕೋಶದಲ್ಲಿ ಕರಿಮೆಣಸು ರೋಮಿನಲ್ಲಿ ಪೌಂಡಿಗೆ 4 ಡೆನಾರಿಯಸ್ ಎಂದು ದಾಖಲಿಸಿದ್ದು, ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಂತೆ ರೋಮಿನ ಹಣ ಸೆಳೆಯುತ್ತದೆ ಎಂದು ಗೊಣಗಿದ್ದು. ಕೇರಳದ ಮುಜಿರಿಸ್ ಬಂದರು ಅಷ್ಟು ಒಳ್ಳೆಯದಲ್ಲ, ಹತ್ತಿರದ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದೂ ಅವನು ಬರೆದಿದ್ದಾನೆ. ಆ ನಿಟ್ರಿಯಾಸ್ ನೇತ್ರಾವತಿ ಸಮುದ್ರ ಸೇರುವ ಕಡೆಯದು ಎಂದು ಕೆಲವು ವಿದ್ವಾಂಸರ ಊಹೆ. ಹಾಗಿದ್ದರೆ ಕಾಸರಗೋಡಿನ ನೆರೆಯ ಕಡಲಿನ ಸುದ್ದಿ ಬರೆದವನೇ ವೆಸುವಿಯಸ್ಸಿಗೆ ಬಲಿಯಾದ.

ಎರಡನೆಯದು ಸೊಲ್ಲಾಪುರದವರಿಗೆ. 1938ರಲ್ಲಿ ಪಾಂಪೆಯ ಮುಖ್ಯ ಬೀದಿಯ ಒಂದು ಮನೆಯಲ್ಲಿ ಸುಮಾರು 25 ಸೆಂ.ಮೀ. ಎತ್ತರದ ದಂತದ ಹೆಣ್ಣು ಮೂರ್ತಿ ಸಿಕ್ಕಿತು. ಕೈತುಂಬ ಬಳೆ, ಸೊಂಟಕ್ಕೆ ಡಾಬು, ಎರಡು ಬದಿಗೆ ಇಬ್ಬರು ಸೇವಕಿಯರು. ಅದು ಭಾರತದ ಕೆಲಸ ಎಂಬುದರಲ್ಲಿ ಸಂಶಯವಿಲ್ಲ. ಮೊದಲು ಲಕ್ಷ್ಮಿ ಎಂದರು, ಈಗ ಯಕ್ಷಿ ಎನ್ನುವವರೇ ಹೆಚ್ಚು. ಕನ್ನಡಿಯ ಹಿಡಿಯೋ ಪೀಠೋಪಕರಣದ ಕಾಲೋ ಆಗಿದ್ದಿರಬಹುದು. ಇದನ್ನು ಬಹಳ ಹೋಲುವ ಪುಟ್ಟ ಮೂರ್ತಿ ಸಿಕ್ಕಿರುವುದು ಸೊಲ್ಲಾಪುರದ ಪಕ್ಕದ ಧಾರಾಶಿವ ಜಿಲ್ಲೆಯ ತೇರ್‌ನಲ್ಲಿ. ತೇರ್ ಎಂದರೆ ಗ್ರೀಕ್ ನಾವಿಕರ ಬರಹದಲ್ಲಿ ಬರುವ ತಗರ ಪಟ್ಟಣ. ಶಿಲಾಹಾರ ಅರಸರು ತಮ್ಮನ್ನು ತಗರಪುರವರಾಧೀಶ್ವರರೆಂದು ಕರೆದುಕೊಂಡದ್ದು ಈ ಊರಿನ ಹೆಸರಿನಿಂದಲೇ. ತೇರ್‌ನಲ್ಲಿ ಲಾಮತುರೆ ಸಂಗ್ರಹದ ಸರ್ಕಾರಿ ಮ್ಯೂಸಿಯಂ ಇದೆ. ಇಟಲಿಗೆ ಹೊರಡುವ ಮೊದಲು ಒಂದು ಭಾನುವಾರ ಅಲ್ಲಿಗೆ ಹೋಗಿಬಂದರೆ ಪಾಂಪೆ ಅಷ್ಟು ದೂರ ಅನ್ನಿಸುವುದಿಲ್ಲ.

ದಂತದ ಮೂರ್ತಿ ಈಗ ಪಾಂಪೆಯಲ್ಲಿಲ್ಲ, ನೇಪಲ್ಸಿನ ರಾಷ್ಟ್ರೀಯ ಪುರಾತತ್ತ್ವ ಮ್ಯೂಸಿಯಂನಲ್ಲಿದೆ. ಬಾಕಸ್ ಮತ್ತು ಹಸಿರು ಬೆಟ್ಟದ ಚಿತ್ರವೂ ಆ ಮ್ಯೂಸಿಯಂನದೇ. ದಿನದ ಪ್ರವಾಸದಲ್ಲಿ ಇದು ಸೇರಿರುವುದಿಲ್ಲ, ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮಂಗಳವಾರ ರಜೆ.